ಯುವಿ ದೀಪಕ್ಕೆ ಹೊಳೆದರೆ ಸಾಲದು, ಕರೆಂಟಿಗೂ ಹೊಳೆಯಬೇಕು

ಮಾನ್ಯ ಸಂಪಾದಕರೇ,

ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ವರದಿಗಳು ಬೈಂಡಿಂಗ್ ಅಂಗಡಿಗೆ ಹೋಗುವ ಕಾಲವಿದು. ಸಾವಯವ ರಸಾಯನಶಾಸ್ತ್ರದ ವರದಿಗಳನ್ನು ತಿರುವಿ ಹಾಕಿದರೆ ಕೊನೆಯ ಪುಟದಲ್ಲಿ ಮತ್ತೆ ಮತ್ತೆ ಎದುರಾಗುವ ವಾಕ್ಯ ಒಂದಿದೆ: ‘ಈ ಸಂಯುಕ್ತವನ್ನು ಒಎಲ್‌ಇಡಿ ಮತ್ತು ಎಲೆಕ್ಟ್ರಾನಿಕ್ ಸಾಧನಗಳಲ್ಲಿ ಬಳಸಬಹುದು.’ ಒಎಲ್‌ಇಡಿ ಎಂದರೆ ಕರೆಂಟು ಹಾಯಿಸಿದಾಗ ಬೆಳಗುವ ಸಾವಯವ ಪದರಗಳ ಡಯೋಡ್. ಆ ವಾಕ್ಯಕ್ಕೆ ಆಧಾರ ಒಂದು ಫೋಟೊ. ಸೀಸೆಯಲ್ಲಿ ದ್ರಾವಣ, ಪಕ್ಕದಲ್ಲಿ ಯುವಿ ದೀಪ, ನೀಲಿಯೋ ಹಸಿರೋ ಹೊಳಪು. ಈ ರೂಢಿ ದಾವಣಗೆರೆ, ಚಿತ್ರದುರ್ಗಕ್ಕೆ ಸೀಮಿತವಲ್ಲ, ದೇಶದ ತುಂಬ ಇದೆ. ಆದರೂ ನಮ್ಮ ಎರಡು ಜಿಲ್ಲೆಗಳ ಕಾಲೇಜುಗಳು ಈಗಿರುವ ಸಲಕರಣೆಯಲ್ಲೇ ಇದಕ್ಕಿಂತ ಬಹಳ ಮುಂದೆ ಹೋಗಬಹುದು ಎನ್ನುವುದಕ್ಕೆ ಈ ಪತ್ರ.

ಫೋಟೊ ಏಕೆ ಸಾಲದು? ಯುವಿ ಬೆಳಕು ಅಣುವನ್ನು ಉದ್ರೇಕಿಸಿದಾಗ ಹುಟ್ಟುವುದು ಸಿಂಗ್ಲೆಟ್ ಸ್ಥಿತಿ, ಅಂದರೆ ಎಲೆಕ್ಟ್ರಾನ್ ಜೋಡಿಯ ಸ್ಪಿನ್‌ಗಳು ವಿರುದ್ಧ ದಿಕ್ಕಿನಲ್ಲಿರುವ ಸ್ಥಿತಿ. ಅದು ಕೆಲವು ನ್ಯಾನೊಸೆಕೆಂಡುಗಳಲ್ಲಿ ಬೆಳಕು ಬಿಟ್ಟು ಕೆಳಗಿಳಿಯುತ್ತದೆ. ಒಎಲ್‌ಇಡಿಯಲ್ಲಿ ನಡೆಯುವುದು ಬೇರೆ. ಒಂದು ಕಡೆಯಿಂದ ಎಲೆಕ್ಟ್ರಾನ್, ಇನ್ನೊಂದು ಕಡೆಯಿಂದ ಹೋಲ್ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗ) ಬಂದು ಅಣುವಿನ ಮೇಲೆ ಸೇರುತ್ತವೆ. ಆಗ ಸ್ಪಿನ್ ನಿಯಮದಂತೆ ಶೇ 25ರಷ್ಟು ಸಿಂಗ್ಲೆಟ್, ಶೇ 75ರಷ್ಟು ಟ್ರಿಪ್ಲೆಟ್ (ಸ್ಪಿನ್‌ಗಳು ಒಂದೇ ದಿಕ್ಕಿನವು) ಹುಟ್ಟುತ್ತವೆ. ಸಾಮಾನ್ಯ ಸಾವಯವ ಅಣುವಿನಲ್ಲಿ ಟ್ರಿಪ್ಲೆಟ್ ಬೆಳಕು ಕೊಡದೆ ಬಿಸಿಯಾಗಿ ಕಳೆದುಹೋಗುತ್ತದೆ. ಅಂದರೆ ಸೀಸೆಯ ಫೋಟೊ ನಾಲ್ಕರಲ್ಲಿ ಒಂದು ಪಾಲಿನ ಕಥೆ ಹೇಳುತ್ತದೆ, ಉಳಿದ ಮೂರು ಪಾಲಿನ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಲೆಕ್ಕ ಹಾಕಿ ನೋಡಿ. ಸಾಧನಕ್ಕೆ ನೂರು ಎಲೆಕ್ಟ್ರಾನ್ ಹಾಯಿಸಿ, ಎಲ್ಲವೂ ಹೋಲ್‌ಗಳ ಜೊತೆ ಸೇರಿದವು ಎಂದಿಟ್ಟುಕೊಳ್ಳೋಣ. ಸಿಂಗ್ಲೆಟ್ 25. ಅಣುವಿನ ಕ್ವಾಂಟಮ್ ಯೀಲ್ಡ್ (ಉದ್ರೇಕಗೊಂಡ ಅಣುಗಳಲ್ಲಿ ಬೆಳಕು ಕೊಡುವವುಗಳ ಪಾಲು) ನೂರಕ್ಕೆ ನೂರಿದ್ದರೆ 25 ಫೋಟಾನ್. ಅವೆಲ್ಲ ಹೊರಗೆ ಬರುವುದಿಲ್ಲ. ಸಾವಯವ ಪದರದ ವಕ್ರೀಭವನ ಸೂಚ್ಯಂಕ ಸುಮಾರು 1.7, ಗಾಜಿನದು 1.5. ಹೀಗಾಗಿ ಬಹುಪಾಲು ಬೆಳಕು ಒಳಗೇ ಪ್ರತಿಫಲಿಸಿ ಅಂಚಿನ ಕಡೆ ಹರಿದುಹೋಗುತ್ತದೆ, ಹೊರಬರುವುದು ಐದರಲ್ಲಿ ಒಂದು ಪಾಲು. ಕೊನೆಗೆ ಕೈಗೆ ಸಿಗುವುದು 5 ಫೋಟಾನ್, ಅಂದರೆ ಹೊರಗಿನ ದಕ್ಷತೆ ಶೇ 5. ಸೀಸೆಯಲ್ಲಿ ಅದ್ಭುತವಾಗಿ ಹೊಳೆಯುವ ಮಾಮೂಲಿ ಪ್ರತಿದೀಪ್ತಿ ಅಣುವಿಗೆ ಇದೇ ಹೆಚ್ಚುಕಡಿಮೆ ಮೇಲ್ಮಿತಿ. ಎರಡು ಟ್ರಿಪ್ಲೆಟ್‌ಗಳು ಸೇರಿ ಒಂದು ಸಿಂಗ್ಲೆಟ್ ಆಗುವ ಅಣುಗಳಲ್ಲಿ ಸ್ವಲ್ಪ ಮೇಲೇರುತ್ತದೆ, ಅಷ್ಟೇ.

ಆ ಮೂರು ಪಾಲನ್ನು ಹಿಡಿಯುವ ಪ್ರಯತ್ನವೇ ಈ ಕ್ಷೇತ್ರದ ಚರಿತ್ರೆ. 1987ರಲ್ಲಿ ಈಸ್ಟ್‌ಮನ್ ಕೊಡಾಕ್‌ನ ಟ್ಯಾಂಗ್ ಮತ್ತು ವ್ಯಾನ್ ಸ್ಲೈಕ್ ಎರಡು ತೆಳು ಪದರಗಳ ಡಯೋಡಿನಿಂದ 10 ವೋಲ್ಟ್‌ಗಿಂತ ಕಡಿಮೆಯಲ್ಲಿ ಹಸಿರು ಬೆಳಕು ತೆಗೆದರು. ದಕ್ಷತೆ ಸುಮಾರು ಶೇ 1. 1990ರಲ್ಲಿ ಕೇಂಬ್ರಿಜ್‌ನವರು ಪಾಲಿಮರ್‌ನಿಂದ ಬೆಳಕು ತೆಗೆದರು. 1998ರಲ್ಲಿ ಥಾಂಪ್ಸನ್ ಮತ್ತು ಫಾರೆಸ್ಟ್ ತಂಡ ಪ್ಲಾಟಿನಂ ಸಂಕೀರ್ಣ ಬಳಸಿ ಟ್ರಿಪ್ಲೆಟ್‌ನಿಂದಲೇ ಬೆಳಕು ಪಡೆಯಿತು. ಆಮೇಲೆ ಇರಿಡಿಯಂ ಬಂತು. ಭಾರ ಪರಮಾಣು ಇದ್ದರೆ ಸ್ಪಿನ್ ನಿಯಮ ಸಡಿಲವಾಗುತ್ತದೆ ಎನ್ನುವುದು ಉಪಾಯ. ಆದರೆ ಇರಿಡಿಯಂ ದುಬಾರಿ, ಅಪರೂಪ. 2012ರಲ್ಲಿ ಜಪಾನಿನ ಅಡಾಚಿ ತಂಡ ಲೋಹವಿಲ್ಲದೆ ಅದೇ ಕೆಲಸ ಮಾಡಿಸಿತು: ಬೆಂಜೀನ್ ಉಂಗುರಕ್ಕೆ ಎರಡು ಸಯಾನೊ ಗುಂಪು, ನಾಲ್ಕು ಕಾರ್ಬಜೋಲ್. ದಕ್ಷತೆ ಸುಮಾರು ಶೇ 19.

ನಮ್ಮ ವಿದ್ಯಾರ್ಥಿಗಳು ಕಲಿಯಬೇಕಾದ ವಿನ್ಯಾಸ ಇರುವುದು ಇಲ್ಲೇ. ಆ ಅಣುವಿನಲ್ಲಿ ಕಾರ್ಬಜೋಲ್‌ಗಳು ಎಲೆಕ್ಟ್ರಾನ್ ಕೊಡುವವು, ಸಯಾನೊ ಗುಂಪು ಹೊತ್ತ ಉಂಗುರ ಎಳೆಯುವುದು. ಒತ್ತೊತ್ತಾಗಿ ಕೂತಿರುವುದರಿಂದ ಕಾರ್ಬಜೋಲ್‌ಗಳು ಉಂಗುರದ ತಲಕ್ಕೆ ತಿರುಚಿಕೊಂಡು ನಿಲ್ಲುತ್ತವೆ. ಆಗ ಹೋಮೊ (ಎಲೆಕ್ಟ್ರಾನ್ ತುಂಬಿದ ಅತಿ ಮೇಲಿನ ಕಕ್ಷಕ) ಒಂದು ಕಡೆ, ಲೂಮೊ (ಖಾಲಿ ಇರುವ ಅತಿ ಕೆಳಗಿನ ಕಕ್ಷಕ) ಇನ್ನೊಂದು ಕಡೆ ಉಳಿದು ಒಂದರ ಮೇಲೊಂದು ಹಾಯುವುದು ಕಡಿಮೆಯಾಗುತ್ತದೆ. ಸಿಂಗ್ಲೆಟ್–ಟ್ರಿಪ್ಲೆಟ್ ನಡುವಿನ ಶಕ್ತಿಯ ಅಂತರ 0.1 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿಗೆ ಇಳಿಯುತ್ತದೆ. ಕೋಣೆಯ ಶಾಖವೇ ಟ್ರಿಪ್ಲೆಟ್ಟನ್ನು ಮೇಲೆತ್ತಿ ಸಿಂಗ್ಲೆಟ್ ಮಾಡುತ್ತದೆ, ಅಲ್ಲಿಂದ ಬೆಳಕು. ಹಾಗೆಂದು ತೀರಾ ಲಂಬವಾಗಿ ತಿರುಚಿದರೆ ಕೆಲಸ ಕೆಡುತ್ತದೆ. ಹಾಯುವಿಕೆ ಪೂರ್ತಿ ಸತ್ತರೆ ಬೆಳಕು ಬಿಡುವ ವೇಗವೂ ಸಾಯುತ್ತದೆ. ಸಾಲದ್ದಕ್ಕೆ, ಇಂಥ ಕೊಡುವ–ಎಳೆಯುವ ಅಣುಗಳ ವರ್ಣಪಟಲ ಅಗಲವಾಗಿ ಹರಡಿ, ಟಿ.ವಿ. ಪರದೆಗೆ ಬೇಕಾದ ಶುದ್ಧ ಬಣ್ಣ ಬರುವುದಿಲ್ಲ. 2016ರಲ್ಲಿ ಹಟಕೆಯಾಮ ತಂಡ ಬೋರಾನ್ ಮತ್ತು ನೈಟ್ರೋಜನ್‌ಗಳನ್ನು ಒಂದೇ ಗಟ್ಟಿ ಉಂಗುರ ಜಾಲದಲ್ಲಿ ಎದುರುಬದುರು ಕೂರಿಸಿ ನೀಲಿ ಪಟ್ಟಿಯ ಅಗಲವನ್ನು 30 ನ್ಯಾನೊಮೀಟರ್ ಆಸುಪಾಸಿಗೆ ತಂದದ್ದು ಈ ತೊಡಕಿಗೆ ಒಂದು ಉತ್ತರ.

ಇನ್ನು ಕಾಲೇಜಿನ ಲ್ಯಾಬಿಗೆ ಬರೋಣ. ಬಿ.ಎಸ್ಸಿ. ಮಕ್ಕಳು ಅಲ್ಯೂಮಿನಿಯಂ ಅಂದಾಜಿಸಲು ಆಕ್ಸಿನ್ (8-ಹೈಡ್ರಾಕ್ಸಿಕ್ವಿನೊಲಿನ್) ಹಾಕಿ ಹಳದಿ ಚರಟ ಇಳಿಸಿ, ಸೋಸಿ, 130–140 ಡಿಗ್ರಿಯಲ್ಲಿ ಒಣಗಿಸಿ, ತೂಕ ಬರೆದು ಚೆಲ್ಲುತ್ತಾರಲ್ಲ, 1987ರ ಡಯೋಡಿನಲ್ಲಿ ಬೆಳಗಿದ್ದು ಅದೇ ವಸ್ತು. ಈ ಸಂಗತಿ ಪ್ರಾಕ್ಟಿಕಲ್ ಪುಸ್ತಕದಲ್ಲಿ ಒಂದು ಸಾಲಾಗಿಯೂ ಇಲ್ಲದಿರುವುದು ವಿಚಿತ್ರ. ಮಾಡುವುದು ಸುಲಭ. 8-ಹೈಡ್ರಾಕ್ಸಿಕ್ವಿನೊಲಿನ್ 0.44 ಗ್ರಾಂ (3 ಮಿಲಿಮೋಲ್) ತೆಗೆದುಕೊಂಡು 20 ಮಿ.ಲೀ. ಬೆಚ್ಚಗಿನ ಎಥನಾಲ್‌ನಲ್ಲಿ ಕರಗಿಸಿ. ಒಂಬತ್ತು ನೀರಿನ ಅಲ್ಯೂಮಿನಿಯಂ ನೈಟ್ರೇಟ್ 0.375 ಗ್ರಾಂ (1 ಮಿಲಿಮೋಲ್) 10 ಮಿ.ಲೀ. ಬಟ್ಟಿ ಇಳಿಸಿದ ನೀರಿನಲ್ಲಿ. ಎರಡನ್ನೂ ಬೆರೆಸಿ, 60–70 ಡಿಗ್ರಿಯಲ್ಲಿಟ್ಟು, ಕದಡುತ್ತ, ಅಮೋನಿಯಂ ಅಸಿಟೇಟ್ ದ್ರಾವಣವನ್ನೂ ಬೇಕಾದರೆ ತೆಳು ಅಮೋನಿಯಾವನ್ನೂ ಹನಿಹನಿಯಾಗಿ ಹಾಕಿ ಪಿಎಚ್ 7ರ ಹತ್ತಿರ ತನ್ನಿ. ಅರ್ಧ ಗಂಟೆ ಬಿಟ್ಟು ಸೋಸಿ, ಬಿಸಿನೀರಿನಲ್ಲೂ ಕೊನೆಗೆ ಸ್ವಲ್ಪ ತಣ್ಣನೆಯ ಎಥನಾಲ್‌ನಲ್ಲೂ ತೊಳೆಯಿರಿ. ಪೂರ್ತಿ ಬಂದರೆ 0.46 ಗ್ರಾಂ.

ಕೆಡುವುದು ಎಲ್ಲಿ? ಪಿಎಚ್ 4ಕ್ಕಿಂತ ಕೆಳಗಿದ್ದರೆ ಚರಟ ಪೂರ್ತಿ ಇಳಿಯದು. ಹತ್ತು ದಾಟಿದರೆ ಅಲ್ಯೂಮಿನಿಯಂ ಮತ್ತೆ ಕರಗತೊಡಗುತ್ತದೆ. ಕೊಳವೆಬಾವಿ ನೀರು ಬಳಸಿದರೆ ಅದರಲ್ಲಿರುವ ಕಬ್ಬಿಣ ಆಕ್ಸಿನ್ ಜೊತೆ ಸೇರಿ ಕಪ್ಪುಹಸಿರು ಸಂಕೀರ್ಣವಾಗುತ್ತದೆ. ಅದು ಎಳ್ಳಷ್ಟಿದ್ದರೂ ಹೊಳಪನ್ನು ನುಂಗುತ್ತದೆ. ಆದ್ದರಿಂದ ಬಟ್ಟಿ ಇಳಿಸಿದ ನೀರೇ ಆಗಬೇಕು. ಒಣಗಿದ ಪುಡಿಯನ್ನು ಡೆಸಿಕೇಟರಿನಲ್ಲಿಡಿ. ತೇವ ತಾಗಿದರೆ ಆಕ್ಸಿನ್ ಬಿಡುಗಡೆಯಾಗಿ, ಕ್ರಮೇಣ ಬೆಳಕು ಕೊಡದ ಕಂದು ವಸ್ತುವಾಗುತ್ತದೆ. ಕೆಟ್ಟ ಒಎಲ್‌ಇಡಿಯಲ್ಲಿ ಕಾಣುವ ಕಪ್ಪು ಚುಕ್ಕೆಗಳಿಗೂ ಮುಖ್ಯ ಶತ್ರು ತೇವವೇ.

ವಸ್ತು ಕೈಗೆ ಬಂದ ಮೇಲೆ ಅಳತೆ. ಹೀರುವ ಬೆಳಕು ಅಳೆಯುವ ಯುವಿ-ವಿಸಿಬಲ್ ಯಂತ್ರ, ಹೊರಬರುವ ಹೊಳಪು ಅಳೆಯುವ ಫ್ಲೋರಿಮೀಟರ್ ಎರಡಿದ್ದರೆ ಕ್ವಾಂಟಮ್ ಯೀಲ್ಡ್ ಹೋಲಿಸಿ ತೆಗೆಯಬಹುದು. ಪ್ರಮಾಣಕ್ಕೆ ತೆಳು ಸಲ್ಫ್ಯೂರಿಕ್ ಆಮ್ಲದಲ್ಲಿ ಕ್ವಿನೈನ್ ಸಲ್ಫೇಟ್, ಅದರ ಬೆಲೆ 0.54. ಉದ್ರೇಕಿಸುವ ತರಂಗಾಂತರ ಸುಮಾರು 350 ನ್ಯಾನೊಮೀಟರ್, ಎರಡೂ ದ್ರಾವಣಗಳಿಗೆ ಒಂದೇ. ಅಲ್ಲಿ ಅಬ್ಸಾರ್ಬೆನ್ಸ್ 0.1ಕ್ಕಿಂತ ಕಡಿಮೆ ಇರಲೇಬೇಕು. ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು ಗಾಢ ದ್ರಾವಣ ತೆಗೆದುಕೊಂಡರೆ ಮುಂದಿನ ಭಾಗವೇ ಬೆಳಕೆಲ್ಲ ಹೀರಿ, ಹುಟ್ಟಿದ ಹೊಳಪನ್ನೂ ತಾನೇ ಮತ್ತೆ ಹೀರಿಕೊಂಡು, ಬರುವ ಅಂಕಿ ಸುಳ್ಳಾಗುತ್ತದೆ. ಇನ್ನೊಂದು ಸಣ್ಣ ಲೋಪ ಬಹಳ ವರದಿಗಳಲ್ಲಿದೆ. ಪ್ರಮಾಣ ನೀರಿನಲ್ಲಿ, ನಮ್ಮ ವಸ್ತು ಟೊಲುಯೀನ್‌ನಲ್ಲಿ. ವಕ್ರೀಭವನ ಸೂಚ್ಯಂಕಗಳ ವರ್ಗದ ತಿದ್ದುಪಡಿ ಹಾಕಬೇಕು: ಟೊಲುಯೀನ್ 1.497, ನೀರು 1.333, ವರ್ಗಗಳ ಅನುಪಾತ 1.26. ಇದನ್ನು ಮರೆತರೆ ಉತ್ತರ ನಿಜಕ್ಕಿಂತ ಸುಮಾರು ಐದನೇ ಒಂದು ಭಾಗ ಕಡಿಮೆ.

ಸಾಧನದಲ್ಲಿ ದ್ರಾವಣವೇ ಇರುವುದಿಲ್ಲ, ಘನ ಪದರವಿರುತ್ತದೆ. ದ್ರಾವಣದಲ್ಲಿ ಶೇ 80 ಹೊಳೆದ ಚಪ್ಪಟೆ ಅಣು ಘನದಲ್ಲಿ ಒಂದಕ್ಕೊಂದು ಅಂಟಿ ಕೂತು ಬಹುಪಾಲು ನಂದಿಹೋಗಬಹುದು. ಇದನ್ನು ನೋಡುವುದಕ್ಕೆ ದುಬಾರಿ ಯಂತ್ರ ಬೇಡ. ಟಿಎಚ್‌ಎಫ್ ಎಂಬ ದ್ರಾವಕದಲ್ಲಿ ಕರಗಿಸಿ, ಒಟ್ಟು ಸಾಂದ್ರತೆ ಬದಲಾಗದಂತೆ ನೀರಿನ ಪಾಲನ್ನು ಹತ್ತು ಹತ್ತರಂತೆ ಶೇ 90ರವರೆಗೆ ಏರಿಸುತ್ತ ಹೊಳಪು ಅಳೆಯಿರಿ. ಅಣುಗಳು ಗುಂಪುಗೂಡಿದಾಗ ನಂದುತ್ತವೆಯೋ ಬೆಳಗುತ್ತವೆಯೋ ಗೊತ್ತಾಗುತ್ತದೆ. ಗುಂಪುಗೂಡಿದಾಗಲೇ ಬೆಳಗುವ ಅಣುಗಳಿವೆ. 2001ರಲ್ಲಿ ಹಾಂಗ್‌ಕಾಂಗ್‌ನ ಬೆನ್ ಝೋಂಗ್ ತಾಂಗ್ ತಂಡ ಅದನ್ನು ಗುರುತಿಸಿತು. ದ್ರಾವಣದಲ್ಲಿ ಸುತ್ತುವ ಫೀನೈಲ್ ಉಂಗುರಗಳು ಘನದಲ್ಲಿ ಸಿಕ್ಕಿಹಾಕಿಕೊಂಡು ಶಕ್ತಿ ಬಿಸಿಯಾಗಿ ಪೋಲಾಗುವ ದಾರಿ ಮುಚ್ಚುತ್ತದೆ.

ಟ್ರಿಪ್ಲೆಟ್ ಇದೆಯೇ, ಅದು ಬೆಳಕಿಗೆ ಬರುತ್ತದೆಯೇ ಎಂಬ ಮೊದಲ ಸುಳಿವಿಗೆ ಆಮ್ಲಜನಕವೇ ಸಾಕು. ಗಾಳಿಯ ಆಮ್ಲಜನಕ ಟ್ರಿಪ್ಲೆಟ್ಟನ್ನು ಕೊಲ್ಲುತ್ತದೆ. ಟೊಲುಯೀನ್ ದ್ರಾವಣದ ಹೊಳಪು ಒಮ್ಮೆ ಹಾಗೇ ಅಳೆದು, ರಬ್ಬರ್ ಮುಚ್ಚಳದ ಕ್ಯುವೆಟ್‌ನಲ್ಲಿ 15 ನಿಮಿಷ ಸಾರಜನಕ ಹಾಯಿಸಿ ಮತ್ತೆ ಅಳೆಯಿರಿ. ಎರಡು ಮೂರು ಪಟ್ಟು ಏರಿದರೆ ವಿಷಯ ಮುಂದುವರಿಸಲು ಯೋಗ್ಯ. ಹತ್ತೋ ಹದಿನೈದೋ ಶೇಕಡಾ ಏರಿದರೆ ಸಂಭ್ರಮ ಬೇಡ, ಸಿಂಗ್ಲೆಟ್ಟೂ ಸ್ವಲ್ಪ ನಂದುವುದುಂಟು. ಸಾರಜನಕದ ಜೊತೆ ಟೊಲುಯೀನ್ ಕೂಡ ಆವಿಯಾಗಿ ದ್ರಾವಣ ಗಟ್ಟಿಯಾಗುತ್ತದೆ. ಆದ್ದರಿಂದ ಅನಿಲವನ್ನು ಮೊದಲು ಬರೀ ಟೊಲುಯೀನ್ ಇರುವ ಬುದ್ದಲಿಯಲ್ಲಿ ಹಾಯಿಸಿ ತನ್ನಿ, ಕೊನೆಗೆ ಅಬ್ಸಾರ್ಬೆನ್ಸ್ ಮತ್ತೆ ನೋಡಿ. ಮೈಕ್ರೊಸೆಕೆಂಡಿನ ಆಯುಷ್ಯ ಅಳೆಯಲು ಮಾತ್ರ ದೊಡ್ಡ ಲ್ಯಾಬಿಗೆ ಹೋಗಬೇಕು.

ಟ್ರಿಪ್ಲೆಟ್ ಶಕ್ತಿ ತಿಳಿಯಲು 77 ಕೆಲ್ವಿನ್‌ನ ಫಾಸ್ಫೊರೆಸೆನ್ಸ್ (ಟ್ರಿಪ್ಲೆಟ್‌ನಿಂದ ನೇರ ಬರುವ ಬೆಳಕು) ಬೇಕು. ದ್ರವ ಸಾರಜನಕ ಎಲ್ಲಿ ತರುವುದು ಎಂದು ಕೈಬಿಡುತ್ತಾರೆ. ದನಗಳ ಕೃತಕ ಗರ್ಭಧಾರಣೆಗೆ ವೀರ್ಯದ ನಳಿಕೆಗಳನ್ನು ಇಡುವುದು ಅದರಲ್ಲೇ, ಹಳ್ಳಿ ಹಳ್ಳಿಗೂ ಆ ಕ್ಯಾನ್ ಹೋಗುತ್ತದೆ. ಅದರ ಸರಬರಾಜು ದಾರಿ ವಿಚಾರಿಸಿದರೆ ಕಾಲೇಜಿಗೆ ಒಂದೆರಡು ಲೀಟರ್ ಹೊಂದಿಸಿಕೊಳ್ಳುವುದು ಅಸಾಧ್ಯವಲ್ಲ. ಎಚ್ಚರಿಕೆ ಎರಡು. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ, ಹಾಗಾಗಿ ಬಿಗಿ ಮುಚ್ಚಳ ಹಾಕಿದರೆ ಪಾತ್ರೆ ಸಿಡಿಯುತ್ತದೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟುತ್ತದೆ. 2-ಮೀಥೈಲ್ ಟೆಟ್ರಾಹೈಡ್ರೊಫ್ಯೂರಾನ್‌ನಲ್ಲಿ ಕರಗಿಸಿದರೆ ಹೆಪ್ಪುಗಟ್ಟಿದಾಗ ಬಿರುಕಿಲ್ಲದ ಗಾಜಿನಂತಾಗುತ್ತದೆ. ಫಾಸ್ಫೊರೆಸೆನ್ಸಿನ ಮೊದಲ ಶಿಖರದ ನ್ಯಾನೊಮೀಟರ್ ತರಂಗಾಂತರದಿಂದ 1240ನ್ನು ಭಾಗಿಸಿದರೆ ಟ್ರಿಪ್ಲೆಟ್ ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಸಿಗುತ್ತದೆ. ಬೆಳಗುವ ಅಣುವನ್ನು ಬೆರೆಸುವ ಹೋಸ್ಟ್‌ನ ಟ್ರಿಪ್ಲೆಟ್ ಇದಕ್ಕಿಂತ ಮೇಲಿರಬೇಕು. ಇಲ್ಲದಿದ್ದರೆ ಶಕ್ತಿ ಹೋಸ್ಟ್‌ಗೇ ಸೋರಿಹೋಗುತ್ತದೆ. ಸಿಬಿಪಿ ಎಂಬ ಜನಪ್ರಿಯ ಹೋಸ್ಟ್‌ನ ಟ್ರಿಪ್ಲೆಟ್ ಸುಮಾರು 2.6 ಎಲೆಕ್ಟ್ರಾನ್ ವೋಲ್ಟ್. ಹಸಿರಿಗೆ ಸಾಕು, ನೀಲಿಗೆ ಸಾಲದು.

ಸೈಕ್ಲಿಕ್ ವೋಲ್ಟಾಮೆಟ್ರಿಯಲ್ಲಿ (ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ಅಳೆಯುವ ವಿಧಾನ) ಹೋಮೊ ಮಟ್ಟ ತೆಗೆಯುವಾಗ ಆಗುವ ಗೊಂದಲವನ್ನೂ ಹೇಳಲೇಬೇಕು. ಒಣಗಿಸಿದ ಡೈಕ್ಲೋರೊಮೀಥೇನ್, 0.1 ಮೋಲಾರ್ ಟೆಟ್ರಾಬ್ಯುಟೈಲ್ ಅಮೋನಿಯಂ ಹೆಕ್ಸಾಫ್ಲೋರೊಫಾಸ್ಫೇಟ್, ಸೆಕೆಂಡಿಗೆ 100 ಮಿಲಿವೋಲ್ಟ್, ಇವೆಲ್ಲ ಸರಿಯಾಗಿಯೇ ಇರುತ್ತವೆ. ಹೋಲಿಕೆಗೆ ಬೇಕಾದ ಫೆರೊಸೀನ್ ಮಾತ್ರ ಹಾಕಿರುವುದಿಲ್ಲ. ವೋಲ್ಟೇಜ್ ಅಳೆಯಲು ಆಧಾರವಾಗಿ ಇಡುವ ಬೆಳ್ಳಿ ತಂತಿಯ ಮಟ್ಟ ದಿನದಿಂದ ದಿನಕ್ಕೆ ಜಾರುತ್ತದೆ, ಫೆರೊಸೀನ್ ಇಲ್ಲದ ಅಂಕಿಗೆ ಬೆಲೆಯಿಲ್ಲ. ಹಾಕಿದರೂ ಕೆಲವರು ಅದರ ಮಟ್ಟವನ್ನು 4.8 ಎಂದು, ಇನ್ನು ಕೆಲವರು 5.1 ಎಂದು ಹಿಡಿಯುತ್ತಾರೆ. ನಮ್ಮದು ಒಂದರಲ್ಲಿ, ಹೋಲಿಸುವ ಪ್ರಬಂಧದ್ದು ಇನ್ನೊಂದರಲ್ಲಿ ಇದ್ದರೆ 0.3 ಎಲೆಕ್ಟ್ರಾನ್ ವೋಲ್ಟ್ ತಪ್ಪು. ವಿದ್ಯುದಾವೇಶ ಪದರದಿಂದ ಪದರಕ್ಕೆ ಸಲೀಸಾಗಿ ದಾಟುತ್ತದೆಯೋ ಇಲ್ಲವೋ ಎಂಬುದು ಇಷ್ಟೇ ಅಂತರದಲ್ಲಿ ತೀರ್ಮಾನವಾಗುತ್ತದೆ. ಕಾರ್ಬಜೋಲ್ ಇರುವ ಅಣುವಾದರೆ ಎರಡನೇ ಸುತ್ತಿನಲ್ಲಿ ಹೊಸ ಶಿಖರ ಬಂತೇ ನೋಡಿ. ಬಂದರೆ ಅದರ 3 ಮತ್ತು 6ನೇ ಸ್ಥಾನಗಳಲ್ಲಿ ಅಣುಗಳು ಒಂದಕ್ಕೊಂದು ಕೂಡಿಕೊಳ್ಳುತ್ತಿವೆ ಎಂದರ್ಥ. ಸಾಧನದಲ್ಲೂ ಹಾಗೆಯೇ ಕೆಡುತ್ತದೆ. ಆ ಎರಡು ಸ್ಥಾನಗಳನ್ನು ಟರ್ಶಿಯರಿ ಬ್ಯುಟೈಲ್‌ನಿಂದ ಮುಚ್ಚಿದರೆ ಪರಿಹಾರ, ಕರಗುವಿಕೆಯೂ ಹೆಚ್ಚುತ್ತದೆ.

ಶಾಖದ ವಿಷಯ ನಮ್ಮ ಕಡೆಗೆ ಇನ್ನೂ ಹತ್ತಿರದ್ದು. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಡ್ಯಾಶ್‌ಬೋರ್ಡ್ 60 ಡಿಗ್ರಿ ದಾಟುತ್ತದೆ. ಹೋಲ್ ಸಾಗಿಸಲು ಮೊದಮೊದಲು ಬಳಸಿದ ಟಿಪಿಡಿ ಎಂಬ ವಸ್ತುವಿನ ಗಾಜುಸ್ಥಿತಿಯ ಉಷ್ಣಾಂಶ (ಗಾಜಿನಂಥ ಗಟ್ಟಿ ಪದರ ಮೆತ್ತಗಾಗತೊಡಗುವ ಮಟ್ಟ) ಅಷ್ಟೇ ಆಸುಪಾಸು. ಅದನ್ನು ದಾಟಿದರೆ ಪದರ ಹರಳುಗಟ್ಟಿ ಕೆಡುತ್ತದೆ. ಮೀಥೈಲ್ ಫೀನೈಲ್ ಬದಲು ನ್ಯಾಫ್ಥೈಲ್ ಕೂರಿಸಿದ ಎನ್‌ಪಿಬಿಯಲ್ಲಿ ಅದು 95ಕ್ಕೆ ಏರಿತು. ಆಕ್ಸಿನ್ ಸಂಕೀರ್ಣದ್ದು 170ಕ್ಕೂ ಮೇಲೆ. ಕರಗುವ ಬಿಂದು ಬರೆದು ಗಾಜುಸ್ಥಿತಿಯ ಉಷ್ಣಾಂಶ ಬಿಡುವ ವರದಿಗಳು ಬೇಕಾದ ಅಂಕಿಯನ್ನೇ ಬಿಟ್ಟಿರುತ್ತವೆ.

‘ಎಲೆಕ್ಟ್ರಾನಿಕ್ ಸಾಧನಗಳಿಗೂ’ ಎಂಬ ಮಾತು ಇನ್ನೂ ಹಗುರ. ಬೆಳಕಿಗೆ ಒಳ್ಳೆಯ ಅಣು ಸಾಮಾನ್ಯವಾಗಿ ತಿರುಚಿಕೊಂಡು, ಪಕ್ಕದವುಗಳಿಂದ ದೂರ ನಿಂತು, ಹರಳುಗಟ್ಟದೆ ಇರಬೇಕು. ಟ್ರಾನ್ಸಿಸ್ಟರ್‌ಗೆ ಒಳ್ಳೆಯ ಅಣು ಚಪ್ಪಟೆಯಾಗಿ, ಒತ್ತಾಗಿ, ಕ್ರಮಬದ್ಧವಾಗಿ ಕೂರಬೇಕು. ಪೆಂಟಾಸೀನ್ ಹಾಗೆ ಕೂರುತ್ತದೆ, ಆದರೆ ಕರಗುವುದಿಲ್ಲ, ಗಾಳಿ ಬೆಳಕಿಗೆ ಕೆಡುತ್ತದೆ. ಅದರ 6 ಮತ್ತು 13ನೇ ಸ್ಥಾನಗಳಿಗೆ ದೊಡ್ಡ ಸಿಲೈಲ್ ಎಥೈನೈಲ್ ಗುಂಪು ಸೇರಿಸಿದಾಗ ಕರಗುವುದಲ್ಲದೆ ಮುಖಕ್ಕೆ ಮುಖ ಕೊಟ್ಟು ಕೂತಿತು, ಸಂಚಾರಶೀಲತೆ (ವಿದ್ಯುದಾವೇಶ ಎಷ್ಟು ಸಲೀಸಾಗಿ ಓಡುತ್ತದೆ ಎಂಬ ಅಳತೆ) ಸೆಂಟಿಮೀಟರ್ ವರ್ಗ ಪ್ರತಿ ವೋಲ್ಟ್ ಸೆಕೆಂಡಿಗೆ 1ರ ಮಟ್ಟ ಮುಟ್ಟಿತು. ಆಕ್ಸಿನ್ ಸಂಕೀರ್ಣದಲ್ಲಿ ಅದು ಲಕ್ಷದಲ್ಲಿ ಒಂದರ ಆಸುಪಾಸು. ಎರಡೂ ಕೆಲಸ ಒಂದೇ ಅಣುವಿನಿಂದ ಆಗುತ್ತದೆ ಎನ್ನಲು ಬಲವಾದ ಸಾಕ್ಷಿ ಬೇಕು. ಅಂದಹಾಗೆ, ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕಂಬವಾಗಿ ನಿಲ್ಲುವ ದ್ರವಸ್ಫಟಿಕಗಳನ್ನು ಜಗತ್ತಿಗೆ ತೋರಿಸಿದ್ದು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. 1977ರಲ್ಲಿ ಚಂದ್ರಶೇಖರ್, ಸದಾಶಿವ ಮತ್ತು ಸುರೇಶ್ ಪ್ರಕಟಿಸಿದ ಆ ಕೆಲಸದ ಹಿಂದಿದ್ದುದು ಬೆಂಜೀನ್‌ಗೆ ಆರು ಎಸ್ಟರ್ ಬಾಲ ಸೇರಿಸಿದ ಸರಳ ಅಣು. ಅಂಥ ಕಂಬಗಳುದ್ದಕ್ಕೂ ವಿದ್ಯುತ್ ಹರಿಸುವ ಸಂಶೋಧನೆ ಇಂದಿಗೂ ನಡೆದಿದೆ.

ಸಾಧನವನ್ನೇ ಕಟ್ಟುವುದು ನಮ್ಮ ಕಾಲೇಜುಗಳಿಗೆ ಕಷ್ಟ, ಅದನ್ನು ಒಪ್ಪಿಕೊಳ್ಳಬೇಕು. ಐಟಿಒ ಗಾಜನ್ನು (ವಿದ್ಯುತ್ ಹರಿಸುವ ಪಾರದರ್ಶಕ ಲೇಪವಿರುವ ಗಾಜು) ಸೋಪು, ಶುದ್ಧ ನೀರು, ಅಸಿಟೋನ್, ಐಸೊಪ್ರೊಪನಾಲ್ ಕ್ರಮದಲ್ಲಿ ತೊಳೆದು ಓಝೋನ್‌ನಲ್ಲಿಟ್ಟು, ನಿರ್ವಾತದಲ್ಲಿ 40 ನ್ಯಾನೊಮೀಟರ್ ಹೋಲ್ ಪದರ, 30 ಬೆಳಗುವ ಪದರ, 40 ಎಲೆಕ್ಟ್ರಾನ್ ಪದರ, 1 ನ್ಯಾನೊಮೀಟರ್ ಲಿಥಿಯಂ ಫ್ಲೋರೈಡ್, ಮೇಲೆ 100 ಅಲ್ಯೂಮಿನಿಯಂ. ಸಾವಯವ ಭಾಗವೆಲ್ಲ ಸೇರಿ 110 ನ್ಯಾನೊಮೀಟರ್. ಒಂದು ಮೈಕ್ರಾನ್ ಧೂಳಿನ ಕಣ ಕೂತರೆ ಅದರ ಒಂಬತ್ತು ಪಟ್ಟು ದಪ್ಪ, ಅಲ್ಲೇ ಶಾರ್ಟ್. ಈ ಕೆಲಸ ಬೆಂಗಳೂರಿನ ಲ್ಯಾಬುಗಳಿಗೆ ಬಿಡೋಣ. ಆದರೆ ಅಲ್ಲಿಗೆ ಕಳಿಸುವ ವಸ್ತು ಶುದ್ಧವಿರಲಿ. ಎನ್‌ಎಂಆರ್‌ನಲ್ಲಿ ಕಾಣದಷ್ಟು ಉಳಿದ ಪಲ್ಲೇಡಿಯಂ, ಬ್ರೋಮೊ ಮಧ್ಯವರ್ತಿ ಸಂಯುಕ್ತ ಸಾಧನದ ಆಯುಷ್ಯವನ್ನು ಕತ್ತರಿಸುತ್ತವೆ. ಕಾಲಮ್ ಮುಗಿಸಿ, ಹರಳುಗಟ್ಟಿಸಿ, ಸಾಧ್ಯವಾದರೆ ನಿರ್ವಾತದಲ್ಲಿ ಉತ್ಪತನ ಮಾಡಿ, ಎಚ್‌ಪಿಎಲ್‌ಸಿ ಶುದ್ಧತೆಯನ್ನು ಜೊತೆಗೆ ಬರೆದು ಕಳಿಸಬೇಕು.

ನಮ್ಮ ಕೋರಿಕೆ ಮೂರು. ‘ಒಎಲ್‌ಇಡಿಗೆ ಸೂಕ್ತ’ ಎಂದು ಬರೆಯುವ ಯಾವುದೇ ವರದಿಗೆ ಒಂದು ಪುಟದ ಪಟ್ಟಿಯನ್ನು ಪರೀಕ್ಷಾ ಮಂಡಳಿ ಕಡ್ಡಾಯ ಮಾಡಲಿ: ದ್ರಾವಣದಲ್ಲೂ ಘನದಲ್ಲೂ ಕ್ವಾಂಟಮ್ ಯೀಲ್ಡ್, ಸಾರಜನಕದ ಮೊದಲು ಮತ್ತು ನಂತರದ ಹೊಳಪು, ಫೆರೊಸೀನ್‌ಗೆ ಹೋಲಿಸಿದ ಹೋಮೊ, ಟ್ರಿಪ್ಲೆಟ್ ಶಕ್ತಿ, ಗಾಜುಸ್ಥಿತಿಯ ಉಷ್ಣಾಂಶ, ಶುದ್ಧತೆ. ಅಳೆಯದ್ದರ ಮುಂದೆ ‘ಅಳೆದಿಲ್ಲ’ ಎಂದು ಬರೆದರೂ ಸಾಕು, ಅಂಕ ಕಳೆಯುವುದು ಬೇಡ. ಎರಡನೆಯದು, ಫ್ಲೋರಿಮೀಟರ್ ಇರುವ ಕಡೆ ವಾರದಲ್ಲಿ ಒಂದು ದಿನ ಎರಡೂ ಜಿಲ್ಲೆಗಳ ಪದವಿ ಕಾಲೇಜುಗಳಿಗೆ ಮೀಸಲಿಡಬೇಕು. ಹೊಸದುರ್ಗದಿಂದಲೋ ಜಗಳೂರಿನಿಂದಲೋ ಬರುವವರಿಗೆ ಮಾದರಿ ಕೊಟ್ಟು ವಾರಗಟ್ಟಲೆ ಕಾಯುವುದು ತಪ್ಪುತ್ತದೆ. ಮೂರನೆಯದು, ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ವಿಜ್ಞಾನ ಅಧ್ಯಾಪಕರಿಗೆ ತರಬೇತಿ ಕೊಡುತ್ತಿದೆ. ಅಲ್ಲಿ ಆಕ್ಸಿನ್ ಸಂಕೀರ್ಣ ತಯಾರಿಕೆಯಿಂದ ಕ್ವಾಂಟಮ್ ಯೀಲ್ಡ್‌ವರೆಗಿನ ಎರಡು ದಿನದ ಪ್ರಾಯೋಗಿಕ ಪಾಠವೊಂದನ್ನು ಸೇರಿಸಿದರೆ, ಮುಂದಿನ ವರ್ಷದ ಪ್ರಾಜೆಕ್ಟ್ ಹಂಚಿಕೆಗೆ ಮೊದಲೇ ಅಧ್ಯಾಪಕರು ತಯಾರಾಗಿರುತ್ತಾರೆ.

— ರಸಾಯನಶಾಸ್ತ್ರ ಅಧ್ಯಾಪಕರು, ದಾವಣಗೆರೆ